ತೋಟದ ಮನೆಯಿಂದ ರಂಗಭೂಮಿಗೆ

ಬಾಲ್ಯದ ಆಟವೇ ಮುಂದೆ ಬಾಳಿನ ತಪಸ್ಸಾಗುವುದು ಕೆಲವರ ಭಾಗ್ಯ. ರಷ್ಯಾದ ನಟ ಹಾಗೂ ನಿರ್ದೇಶಕ ಕಾನ್‌ಸ್ಟಾಂಟಿನ್ ಸ್ಟಾನಿಸ್ಲಾವ್‌ಸ್ಕಿಯ ಜೀವನ ಇದಕ್ಕೊಂದು ಉಜ್ಜ್ವಲ ನಿದರ್ಶನ. ಜಗತ್ತಿನ ಅನೇಕ ನಾಟಕಶಾಲೆಗಳಲ್ಲಿ ಇಂದಿಗೂ ಕಲಿಸಲಾಗುವ ಅಭಿನಯ ಪದ್ಧತಿಯ ಬೇರುಗಳನ್ನು ಹುಡುಕುತ್ತ ಹೋದರೆ, ನಾವು ಬೇಸಗೆಯಲ್ಲಿ ಮಕ್ಕಳು ನಾಟಕವಾಡುತ್ತಿದ್ದ ಒಂದು ತೋಟದ ಮನೆಯನ್ನು ಸೇರುತ್ತೇವೆ.

ಆತ ಜನಿಸಿದ್ದು 1863ರಲ್ಲಿ, ಮಾಸ್ಕೋ ನಗರದಲ್ಲಿ. ಹುಟ್ಟಿದಾಗಿನ ಮನೆತನದ ಹೆಸರು ಅಲೆಕ್ಸೆಯೆವ್. ಚಿನ್ನ ಬೆಳ್ಳಿಗಳ ಜರಿ ಎಳೆ ತಯಾರಿಸುವ ಕಾರ್ಖಾನೆಯನ್ನು ಹೊಂದಿದ್ದ ಶ್ರೀಮಂತ ವರ್ತಕರ ಮನೆತನವದು. ತಾಯಿಯ ತಾಯಿ ಫ್ರಾನ್ಸ್ ದೇಶದ ನಟಿ. ಹೀಗೆ ವ್ಯಾಪಾರದ ಶಿಸ್ತು, ಕಲೆಯ ಒಲವು ಎರಡೂ ಬಾಲಕನಿಗೆ ಪಿತ್ರಾರ್ಜಿತವಾಗಿ ಬಂದವು.

ರಷ್ಯಾದ ಚಳಿಗಾಲ ದೀರ್ಘವಾದುದು, ಕಠೋರವಾದುದು. ಆದುದರಿಂದ ಬೇಸಗೆ ಬಂತೆಂದರೆ ಅನುಕೂಲಸ್ಥರು ನಗರವನ್ನು ಬಿಟ್ಟು ಹಳ್ಳಿಯ ಮನೆಗಳಿಗೆ ತೆರಳುತ್ತಿದ್ದರು. ಅಲೆಕ್ಸೆಯೆವ್ ಕುಟುಂಬದ ಅಂತಹ ಮನೆ ಮಾಸ್ಕೋದ ಹೊರವಲಯದಲ್ಲಿ, ಕ್ಲ್ಯಾಜ್ಮಾ ನದಿಯ ದಡದ ಲ್ಯುಬಿಮೊವ್ಕಾ ಎಂಬಲ್ಲಿತ್ತು. ತಂದೆ 1869ರಲ್ಲಿ ಅದನ್ನು ಕೊಂಡಿದ್ದರು. ಮನೆ ತುಂಬ ಮಕ್ಕಳು, ನೆಂಟರಿಷ್ಟರ ಬರವು. ಮಕ್ಕಳಿಗಿದ್ದ ನಾಟಕದ ಹುಚ್ಚನ್ನು ಕಂಡ ತಂದೆ ಗದರಿಸಲಿಲ್ಲ. ಪುಟ್ಟ ರಂಗಮಂದಿರವನ್ನೇ ಕಟ್ಟಿಸಿಕೊಟ್ಟರು. 1877ರ ಸೆಪ್ಟೆಂಬರಿನಲ್ಲಿ, ತಾಯಿಯ ಹೆಸರಿನ ಸಂತರ ಹಬ್ಬದಂದು, ಅಲ್ಲಿ ಮೊದಲ ಪ್ರದರ್ಶನ ನಡೆಯಿತು.

ಆಗ ಕಾನ್‌ಸ್ಟಾಂಟಿನ್‌ಗೆ ಹದಿನಾಲ್ಕು ವರ್ಷ. ತನ್ನ ಮೆಚ್ಚಿನ ನಟನೊಬ್ಬನನ್ನು ಅನುಕರಿಸುತ್ತ ಆತ ಆವೇಶದಿಂದ ಅಭಿನಯಿಸಿದ. ಒಳಗೆ ಉತ್ಸಾಹ ಉಕ್ಕುತ್ತಿತ್ತು. ತಾನು ಗೆದ್ದೆನೆಂದೇ ಭಾವಿಸಿದ. ಆದರೆ ಅವಸರದ ಮಾತು ನೋಡುವವರಿಗೆ ಅರ್ಥವಾಗಿರಲಿಲ್ಲ. ಬೀಸಾಡುತ್ತಿದ್ದ ಕೈಗಳು ಕಣ್ಣಿಗೆ ಹಿತವಾಗಿರಲಿಲ್ಲ. ನಟನಿಗೆ ಸುಖವೆನಿಸಿದ್ದು ಪ್ರೇಕ್ಷಕನಿಗೆ ಏಕೆ ತಲುಪಲಿಲ್ಲ? ಈ ಪ್ರಶ್ನೆ ಬಾಲಕನನ್ನು ಕಾಡಿತು. ಅಂದಿನಿಂದ ಆತ ತನ್ನ ಅಭಿನಯದ ಗುಣದೋಷಗಳನ್ನು ಪುಸ್ತಕದಲ್ಲಿ ಬರೆದಿಡತೊಡಗಿದ. ಆ ಅಭ್ಯಾಸ ಮುಪ್ಪಿನವರೆಗೂ ಉಳಿಯಿತು.

ನಾಟಕ ರಂಗಮಂದಿರದ ನಾಲ್ಕು ಗೋಡೆಗಳೊಳಗೇ ನಿಲ್ಲಲಿಲ್ಲ. ಒಂದು ಬೇಸಗೆಯಲ್ಲಿ ಮನೆಯ ಎಳೆಯರು ಹೊಸ ನಿಯಮವೊಂದನ್ನು ಮಾಡಿಕೊಂಡರು. ಇಡೀ ದಿನ ಯಾರೂ ತಾವು ತಾವಾಗಿರಕೂಡದು. ತೋಟದಲ್ಲಿ ಅಡ್ಡಾಡುವಾಗಲೂ ಮೀನು ಹಿಡಿಯುವಾಗಲೂ ಅಣಬೆ ಆಯುವಾಗಲೂ ನಾಟಕದ ಪಾತ್ರಗಳಾಗಿಯೇ ನಡೆಯಬೇಕು, ನುಡಿಯಬೇಕು! ಮತ್ತೊಮ್ಮೆ ಅಲೆಮಾರಿಗಳ ವೇಷ ತೊಟ್ಟು ರೈಲು ನಿಲ್ದಾಣದತ್ತ ಹೊರಟರು. ನಾಯಿಗಳು ಬೊಗಳಿದವು, ಕಾವಲುಗಾರರು ಅಟ್ಟಿದರು. ಅಟ್ಟಿದಷ್ಟೂ ಇವರಿಗೆ ಹಿಗ್ಗು. ವೇಷ ನಿಜವೆಂದು ಜನ ನಂಬಿದ್ದರಲ್ಲವೇ! ಬಯಲೇ ರಂಗಭೂಮಿಯಾದ ಈ ಆಟದಲ್ಲಿ ಆತ ದೊಡ್ಡ ಪಾಠವನ್ನು ಕಲಿತ. ಮಾತು ಬಾಯಿಪಾಠವಾದ ಮಾತ್ರಕ್ಕೆ ಪಾತ್ರ ತನ್ನದಾಗದು; ಅದನ್ನು ಬದುಕಬೇಕು.

ಪ್ರತಿಷ್ಠಿತ ವರ್ತಕರ ಮಗ ನಟನಾಗುವುದು ಅಂದಿನ ಸಮಾಜಕ್ಕೆ ಒಪ್ಪಿಗೆಯಾದ ಸಂಗತಿಯಾಗಿರಲಿಲ್ಲ. ಆದ್ದರಿಂದ ಇಪ್ಪತ್ತು ದಾಟಿದ ಮೇಲೆ ಆತ ಸ್ಟಾನಿಸ್ಲಾವ್‌ಸ್ಕಿ ಎಂಬ ಹೆಸರಿನ ಮರೆಯಲ್ಲಿ ಅಭಿನಯಿಸತೊಡಗಿದ. ಹಗಲು ಕಾರ್ಖಾನೆಯ ಕೆಲಸ, ಸಂಜೆ ನಾಟಕ. 1897ರ ಜೂನ್ ತಿಂಗಳಲ್ಲಿ ನಾಟಕಕಾರ ನೆಮಿರೋವಿಚ್ ದಾಂಚೆಂಕೊ ಎಂಬಾತ ಮಾಸ್ಕೋದ ಭೋಜನಶಾಲೆಯೊಂದರಲ್ಲಿ ಆತನನ್ನು ಭೇಟಿಯಾದ. ಹೊಸ ರಂಗಭೂಮಿಯನ್ನು ಕುರಿತ ಅವರ ಮಾತುಕತೆ ಹದಿನೆಂಟು ಗಂಟೆಗಳ ಕಾಲ ನಡೆದು, ಮರುದಿನ ಬೆಳಗ್ಗೆ ಲ್ಯುಬಿಮೊವ್ಕಾದ ಮನೆಯಲ್ಲಿ ಮುಗಿಯಿತು. ಮಾಸ್ಕೋ ಕಲಾ ರಂಗಭೂಮಿಯ ಬೀಜ ಬಿದ್ದುದು ಹಾಗೆ.

ಮರುವರ್ಷದ ಬೇಸಗೆಯಲ್ಲಿ, ಲ್ಯುಬಿಮೊವ್ಕಾಕ್ಕೆ ಸಮೀಪದ ಪುಷ್ಕಿನೊ ಎಂಬಲ್ಲಿ ಮಿತ್ರನೊಬ್ಬನ ತೋಟದ ಕೊಟ್ಟಿಗೆಯಲ್ಲಿ ತಾಲೀಮು ಆರಂಭವಾಯಿತು. ಅಲ್ಲಿ ಆಳುಗಳಿರಲಿಲ್ಲ. ಕಸ ಗುಡಿಸುವುದು, ಚಹಾ ಕಾಯಿಸುವುದು ಎಲ್ಲವನ್ನೂ ನಟರೇ ಸರದಿಯಂತೆ ಮಾಡಬೇಕಿತ್ತು. ತನ್ನ ಸರದಿ ಬಂದಾಗ ಸ್ಟಾನಿಸ್ಲಾವ್‌ಸ್ಕಿ ನೀರು ಹಾಕದೆಯೇ ಚಹಾದ ಹಂಡೆಗೆ ಕೆಂಡವಿಟ್ಟು ಅದನ್ನು ಹಾಳುಮಾಡಿದ! ಸಿರಿವಂತನ ಮಗ ತಾನು ಕಲಿಯಬೇಕಾದ ಪಾಠಗಳು ಇನ್ನೂ ಇವೆಯೆಂಬುದನ್ನು ನಗುತ್ತಲೇ ಒಪ್ಪಿಕೊಂಡ.

ಆ ವರ್ಷದ ಡಿಸೆಂಬರಿನಲ್ಲಿ ಚೆಕಾಫನ ‘ಸೀಗಲ್’ ನಾಟಕ ರಂಗವೇರಿತು. ಎರಡು ವರ್ಷಗಳ ಹಿಂದೆ ಪೀಟರ್ಸ್‌ಬರ್ಗಿನಲ್ಲಿ ಬಿದ್ದುಹೋಗಿದ್ದ ನಾಟಕವದು. ಅದರ ಮೊದಲ ಅಂಕದಲ್ಲಿ ಬರುವುದೂ ಒಂದು ಹಳ್ಳಿಯ ಮನೆಯೇ. ಬೇಸಗೆಯ ಸಂಜೆ ಸರೋವರದ ಬದಿಯ ತೋಟದಲ್ಲಿ ತರುಣನೊಬ್ಬ ಮನೆಯವರ ಮುಂದೆ ತನ್ನ ನಾಟಕವನ್ನಾಡಿಸುತ್ತಾನೆ. ಸ್ಟಾನಿಸ್ಲಾವ್‌ಸ್ಕಿಗೆ ಈ ಲೋಕ ಅಂಗೈಯ ನೆಲ್ಲಿಕಾಯಿ. ಕಪ್ಪೆಗಳ ವಟಗುಟ್ಟುವಿಕೆ, ಹಕ್ಕಿಯ ಕೂಗು, ನಡುನಡುವಿನ ಮೌನ ಇವುಗಳಿಂದ ಆತ ಸಂಜೆಯನ್ನೇ ಕಣ್ಣಮುಂದೆ ತಂದ. ಮೊದಲ ಅಂಕ ಮುಗಿದಾಗ ಸಭೆ ಸ್ತಬ್ಧವಾಗಿತ್ತು. ನಟರು ಸೋತೆವೆಂದು ಕಂಗೆಟ್ಟರು. ಮರುಕ್ಷಣವೇ ಚಪ್ಪಾಳೆಯ ಮಳೆ ಸುರಿಯಿತು.

1902ರ ಬೇಸಗೆಯಲ್ಲಿ ಚೆಕಾಫನೇ ಲ್ಯುಬಿಮೊವ್ಕಾಕ್ಕೆ ಬಂದು ಕೆಲವು ವಾರ ತಂಗಿದ್ದ. ‘ಚೆರ್ರಿ ಆರ್ಚರ್ಡ್’ ನಾಟಕದ ಕೆಲವು ಪಾತ್ರಗಳಿಗೆ ಅಲ್ಲಿ ಕಂಡ ಜನರೇ ಪ್ರೇರಣೆಯಾದರು. ಹಿರಿಯರ ತೋಟದ ಮನೆಯನ್ನು ಕಳೆದುಕೊಳ್ಳುವ ಕುಟುಂಬದ ಕಥೆಯದು. 1904ರಲ್ಲಿ ಅದನ್ನು ಆಡಿದಾಗ ಮನೆ ಕಳೆದುಕೊಳ್ಳುವ ಅಣ್ಣನ ಪಾತ್ರ ಸ್ಟಾನಿಸ್ಲಾವ್‌ಸ್ಕಿಯದಾಗಿತ್ತು.

ಕೀರ್ತಿ ಬಂದ ಮೇಲೂ ಹಳೆಯ ಪ್ರಶ್ನೆ ಆತನನ್ನು ಬಿಡಲಿಲ್ಲ. 1906ರ ಬೇಸಗೆಯಲ್ಲಿ ಫಿನ್ಲೆಂಡಿನ ಕಡಲತೀರದಲ್ಲಿ ಕುಳಿತು ಆತ ಆತ್ಮಪರೀಕ್ಷೆ ಮಾಡಿಕೊಂಡ. ಒಮ್ಮೆ ಜೀವಂತವಾಗಿದ್ದ ಪಾತ್ರಗಳು ಬರಿಯ ಯಾಂತ್ರಿಕ ಚಲನೆಗಳಾಗಿಬಿಟ್ಟಿದ್ದವು. ಸ್ಫೂರ್ತಿ ಕರೆದಾಗ ಬರುವುದಲ್ಲ, ನಿಜ. ಆದರೆ ಅದು ಬರುವ ದಾರಿಯನ್ನು ಅಭ್ಯಾಸದಿಂದ ಹಸನುಮಾಡಬಾರದೇಕೆ? ಏಕಾಗ್ರತೆ, ಕಲ್ಪನೆ, ಪಾತ್ರದ ಉದ್ದೇಶದ ಅರಿವು ಇವುಗಳನ್ನು ಆಧರಿಸಿದ ಆತನ ಪದ್ಧತಿ ಈ ಚಿಂತನೆಯಿಂದ ರೂಪುಗೊಂಡಿತು.

1917ರ ಕ್ರಾಂತಿಯ ತರುವಾಯ ಕಾರ್ಖಾನೆಯೂ ಸಿರಿಯೂ ಕೈಬಿಟ್ಟುಹೋದವು. ರಂಗದ ಮೇಲೆ ಆಡಿದ್ದನ್ನು ಬಾಳಿನಲ್ಲಿಯೂ ಅನುಭವಿಸಬೇಕಾಯಿತು. ಆತ ಕಹಿಯಾಗಲಿಲ್ಲ, ದುಡಿದ, ಕಲಿಸಿದ, ಬರೆದ. 1928ರಲ್ಲಿ ಅಭಿನಯಿಸುತ್ತಿದ್ದಾಗಲೇ ಹೃದಯಾಘಾತವಾಯಿತು. ನೋವನ್ನು ನುಂಗಿ ಆ ಅಂಕವನ್ನು ಮುಗಿಸಿದ. ಮತ್ತೆ ನಟನಾಗಿ ರಂಗವೇರಲಿಲ್ಲ. ಮನೆಯಲ್ಲಿಯೇ ಎಳೆಯ ನಟರಿಗೆ ತಾಲೀಮು ಕೊಡುತ್ತ ಉಳಿದ ಹತ್ತು ವರ್ಷಗಳನ್ನು ಕಳೆದು, 1938ರ ಆಗಸ್ಟ್ 7ರಂದು ತೀರಿಕೊಂಡ.

ತಂದೆ ಕೊಟ್ಟ ಸಂಪತ್ತಿನಲ್ಲಿ ಆತನಿಗೆ ಕಡೆಯವರೆಗೂ ಉಳಿದದ್ದು, ಮಕ್ಕಳ ಆಟಕ್ಕೆಂದು ಕಟ್ಟಿಸಿಕೊಟ್ಟ ಆ ಪುಟ್ಟ ರಂಗಮಂದಿರದಲ್ಲಿ ಗಳಿಸಿದ ಅರಿವೊಂದೇ. ಆಟವನ್ನು ಪ್ರೀತಿಸುವವರು ಹಲವರು. ಆಡಿ ಮುಗಿದ ಮೇಲೆ ಎಲ್ಲಿ ಎಡವಿದೆನೆಂದು ತನ್ನನ್ನು ತಾನೇ ಕೇಳಿಕೊಳ್ಳುವವರು ವಿರಳ. ಸ್ಟಾನಿಸ್ಲಾವ್‌ಸ್ಕಿ ಆ ವಿರಳರಲ್ಲಿ ಒಬ್ಬ.