ಆರ್. ನರಸಿಂಹಾಚಾರ್ಯರು: ಆಕರಗಳ ನಡುವೆ ಒಂದು ಬದುಕು

ಕನ್ನಡ ಸಾಹಿತ್ಯಚರಿತ್ರೆಯ ಯಾವುದೇ ಪಠ್ಯವನ್ನು ತೆರೆದರೂ ಪಂಪ, ಜನ್ನ, ಹರಿಹರ, ಕುಮಾರವ್ಯಾಸ ಮೊದಲಾದ ಕವಿಗಳ ಕಾಲ, ಆಶ್ರಯ, ಕೃತಿಗಳ ವಿವರಗಳು ಇಂದು ಸುಲಭವಾಗಿ ದೊರೆಯುತ್ತವೆ. ಈ ವಿವರಗಳು ಮೊದಲಿನಿಂದಲೂ ಹೀಗೆಯೇ ಸಿದ್ಧವಾಗಿದ್ದುವೆಂಬಂತೆ ತೋರುವುದರಿಂದ, ಅವು ಎಲ್ಲಿಂದ ಬಂದುವು, ಯಾವ ಪ್ರಮಾಣದ ಮೇಲೆ ನಿಂತಿವೆ ಎಂಬ ಪ್ರಶ್ನೆ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಏಳುವುದೇ ಇಲ್ಲ. ಆದರೆ ಪಠ್ಯದಲ್ಲಿ ಅಚ್ಚಾದ ಒಂದೊಂದು ಇಸವಿಯ ಹಿಂದೆಯೂ ಒಂದು ಓಲೆಗರಿಯ ಪ್ರತಿ, ಒಂದು ಶಿಲಾಶಾಸನ, ಒಂದು ಸಂಕಲನಗ್ರಂಥದ ಪದ್ಯ ಅಥವಾ ಒಂದು ಐತಿಹ್ಯವಿದೆ. ಈ ಸಾಕ್ಷ್ಯಗಳನ್ನು ಕಲೆಹಾಕಿ, ಒಂದನ್ನೊಂದರೊಡನೆ ತೂಗಿ, ಕನ್ನಡಕ್ಕೆ ಸಾಹಿತ್ಯಚರಿತ್ರೆಯೊಂದನ್ನು ಕಟ್ಟಿಕೊಟ್ಟವರಲ್ಲಿ ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರ ಹೆಸರು ಅಗ್ರಗಣ್ಯವಾದುದು. ಸಂಶೋಧನೆಯಲ್ಲಿ ಬೇರೆ ಬೇರೆ ಆಕರಗಳು ಬೇರೆ ಬೇರೆ ಕೆಲಸ ಮಾಡುತ್ತವೆಂಬ ವಿವೇಕ ಕನ್ನಡದಲ್ಲಿ ಹೇಗೆ ಬೆಳೆದು ಬಂತೆಂಬುದನ್ನು ಅವರ ಜೀವನಚರಿತ್ರೆಯಲ್ಲಿಯೇ ಕಾಣಬಹುದು.

ನರಸಿಂಹಾಚಾರ್ಯರು ೧೮೬೦ರಲ್ಲಿ ಇಂದಿನ ಮಂಡ್ಯ ಜಿಲ್ಲೆಯ ಕೊಪ್ಪಲು ಗ್ರಾಮದಲ್ಲಿ ಜನಿಸಿದರು. ಸಂಸ್ಕೃತ, ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಲ್ಲಿ ಅವರು ಸಂಪಾದಿಸಿದ ಪರಿಶ್ರಮ ಮುಂದಿನ ಕೆಲಸಕ್ಕೆ ಅಡಿಪಾಯವಾಯಿತು. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು ೧೯೧೬ರಲ್ಲಿ. ಅದಕ್ಕೆ ಮುನ್ನ ಮೈಸೂರು ಸಂಸ್ಥಾನದ ವಿದ್ಯಾರ್ಥಿಗಳು ಉನ್ನತ ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕುಳಿತುಕೊಳ್ಳಬೇಕಾಗಿತ್ತು. ನರಸಿಂಹಾಚಾರ್ಯರು ಆ ವಿಶ್ವವಿದ್ಯಾನಿಲಯದಿಂದ ೧೮೯೩ರಲ್ಲಿ ಕನ್ನಡದಲ್ಲಿ ಎಂ.ಎ. ಪದವಿಯನ್ನು ಪಡೆದರು. ಕನ್ನಡ ವಿಷಯದಲ್ಲಿ ಎಂ.ಎ. ಪದವಿ ಪಡೆದ ಮೊದಲಿಗರು ಅವರೇ. ಇಂದಿನ ಕನ್ನಡನಾಡಿನ ಎಲ್ಲೆಯ ಹೊರಗಿರುವ ಕನ್ನಡ ವಿಭಾಗಗಳಿಗೆ ಈ ಸಂಗತಿ ವಿಶೇಷವಾಗಿ ಸ್ಮರಣೀಯವಾದುದು. ಕನ್ನಡದ ಉನ್ನತ ಅಧ್ಯಯನದ ಮೊದಲ ಪದವಿ ಸಂದದ್ದು ಇಂದಿನ ಚೆನ್ನೈ ನಗರದಿಂದ.

ಅವರು ವಿದ್ವತ್ಕ್ಷೇತ್ರಕ್ಕೆ ಕಾಲಿಟ್ಟಾಗ ಪ್ರಾಚೀನ ಕವಿಗಳ ಬಗೆಗೆ ತಿಳಿದಿದ್ದುದು ಅಲ್ಪ. ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಪ್ರಕಟಿಸಿದ ಕಿಟ್ಟೆಲರೂ ೧೮೯೦ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನವನ್ನು ಪ್ರಕಟಿಸಿದ ಬಿ. ಎಲ್. ರೈಸರೂ ತಮ್ಮ ಪೀಠಿಕೆಗಳಲ್ಲಿ ಕನ್ನಡ ಸಾಹಿತ್ಯದ ಸ್ಥೂಲರೇಖೆಯನ್ನು ಬರೆದಿದ್ದರು. ಕಾವ್ಯಗಳು ಬಹುಪಾಲು ಮಠಗಳಲ್ಲಿ, ಬಸದಿಗಳಲ್ಲಿ, ಪಂಡಿತರ ಮನೆಗಳಲ್ಲಿ ಓಲೆಗರಿಯ ಕಟ್ಟುಗಳಾಗಿ ಉಳಿದಿದ್ದುವು. ಹುಳು ತಿಂದ ಒಂದು ಕಟ್ಟಿನೊಡನೆ ಒಬ್ಬ ಕವಿಯ ಹೆಸರೇ ಅಳಿಸಿಹೋಗುವ ಸಂಭವವಿತ್ತು. ಹೀಗಾಗಿ ಆಕರಗಳ ಅನ್ವೇಷಣೆಯೆಂಬುದು ಆ ಕಾಲದವರಿಗೆ ಕೇವಲ ಪಾಂಡಿತ್ಯದ ವ್ಯಾಸಂಗವಾಗಿರಲಿಲ್ಲ; ಕಾಲದೊಡನೆ ನಡೆಸಿದ ಪೈಪೋಟಿಯಾಗಿತ್ತು.

ರೈಸರ ನೇತೃತ್ವದಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳು ೧೮೮೬ರಿಂದ ೧೯೦೪ರವರೆಗೆ ಪ್ರಕಟವಾಗಿ, ಒಂಬತ್ತು ಸಾವಿರದಷ್ಟು ಶಾಸನಗಳು ವಿದ್ವಾಂಸರಿಗೆ ದೊರೆತುವು. ಮೈಸೂರಿನ ಪ್ರಾಕ್ತನವಿಮರ್ಶೆಯ ಇಲಾಖೆಯಲ್ಲಿ ರೈಸರ ಕೈಕೆಳಗೆ ದುಡಿದ ನರಸಿಂಹಾಚಾರ್ಯರು, ಅವರು ನಿವೃತ್ತರಾದ ಮೇಲೆ ೧೯೦೬ರಲ್ಲಿ ಇಲಾಖೆಯ ಹೊಣೆಯನ್ನು ವಹಿಸಿಕೊಂಡು ೧೯೨೨ರವರೆಗೆ ಅದನ್ನು ನಿರ್ವಹಿಸಿದರು. ಒಂದು ಕೈಯಲ್ಲಿ ಓಲೆಗರಿ, ಇನ್ನೊಂದು ಕೈಯಲ್ಲಿ ಶಾಸನದ ಪಡಿಯಚ್ಚು ಹಿಡಿದು ನಿಲ್ಲುವ ಅವಕಾಶ ಅವರಿಗೆ ಒದಗಿತು. ಸಾಹಿತ್ಯದ ಆಕರವನ್ನು ಇತಿಹಾಸದ ಆಕರದಿಂದ ಪರೀಕ್ಷಿಸುವ ಅವರ ವಿಧಾನಕ್ಕೆ ಈ ಎರಡು ಬಗೆಯ ಅನುಭವವೇ ಕಾರಣವಾಯಿತು.

ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ ೧೯೦೭ರಲ್ಲಿ ಹೊರಬಂದಿತು. ಅದನ್ನು ಸಿದ್ಧಪಡಿಸುವಲ್ಲಿ ಎಸ್. ಜಿ. ನರಸಿಂಹಾಚಾರ್ಯರು ಅವರೊಡನೆ ಸಮಭಾಗಿಗಳಾಗಿದ್ದರು. ಎಂ. ಎ. ರಾಮಾನುಜಯ್ಯಂಗಾರ್ಯರೊಡನೆ ಕಾವ್ಯಮಂಜರಿಯನ್ನು ಆರಂಭಿಸಿ, ಪ್ರಾಚೀನ ಕಾವ್ಯಗಳನ್ನು ಅಚ್ಚಿಗೆ ತರುತ್ತಿದ್ದ ಆ ವಿದ್ವಾಂಸರು ೧೯೦೭ರಲ್ಲಿಯೇ ತೀರಿಕೊಂಡರು. ಉಳಿದ ಭಾರವೆಲ್ಲವೂ ಆರ್. ನರಸಿಂಹಾಚಾರ್ಯರ ಮೇಲೆ ಬಿದ್ದಿತು. ಎರಡನೆಯ ಸಂಪುಟ ೧೯೧೯ರಲ್ಲಿ, ಮೂರನೆಯದು ೧೯೨೯ರಲ್ಲಿ ಪ್ರಕಟವಾದುವು.

ಕವಿಚರಿತೆಯಲ್ಲಿ ಅವರು ಬಳಸಿಕೊಂಡ ಆಕರಗಳಲ್ಲಿ ಮೊದಲನೆಯದು ಕವಿಯ ಸ್ವಂತ ಮಾತು. ಕಾವ್ಯದ ಪೀಠಿಕೆಯಲ್ಲಿ, ಆಶ್ವಾಸಾಂತ್ಯದ ಗದ್ಯದಲ್ಲಿ, ಕೊನೆಯ ಪದ್ಯಗಳಲ್ಲಿ ಕವಿ ತನ್ನ ತಂದೆತಾಯಿಯರನ್ನು, ಗುರುವನ್ನು, ಆಶ್ರಯದಾತನನ್ನು ಹೆಸರಿಸುವುದುಂಟು. ಶಕವರ್ಷವನ್ನು ಹೇಳಿದರಂತೂ ಕಾಲನಿರ್ಣಯ ಸುಲಭವಾಗುತ್ತದೆ. ಆದಿಪುರಾಣ ೯೪೧ರಲ್ಲಿ ರಚಿತವಾಯಿತೆಂಬುದು ಪಂಪನ ಮಾತಿನಿಂದಲೇ ತಿಳಿದುಬರುತ್ತದೆ. ಆದರೆ ಕವಿ ಆಶ್ರಯದಾತನನ್ನು ಹೊಗಳುವಾಗ ಇತಿಹಾಸಕಾರನಾಗಿ ಮಾತನಾಡುತ್ತಿರುವುದಿಲ್ಲ. ಪ್ರತಿಕಾರನು ಕೊನೆಯಲ್ಲಿ ಬರೆದ ಸಂವತ್ಸರ ಪ್ರತಿ ಮಾಡಿದ ಕಾಲವೇ ಹೊರತು ಕಾವ್ಯರಚನೆಯ ಕಾಲವಲ್ಲ. ಒಂದೇ ಕಟ್ಟಿನಲ್ಲಿರುವ ಈ ಎರಡು ಕೈಗಳನ್ನು ಬೇರ್ಪಡಿಸದಿದ್ದರೆ ಕವಿಯೊಬ್ಬನು ತನ್ನ ಕಾಲದಿಂದ ಶತಮಾನಗಳ ಈಚೆಗೆ ಬಂದು ನಿಲ್ಲುತ್ತಾನೆ.

ಎರಡನೆಯದು ಇತರ ಕವಿಗಳ ಸಾಕ್ಷ್ಯ. ಪೂರ್ವಕವಿಗಳನ್ನು ಸ್ಮರಿಸುವ ಪದ್ಧತಿಯಿಂದಾಗಿ, ಹೊಗಳಿಸಿಕೊಂಡವನು ಹೊಗಳಿದವನಿಗಿಂತ ಹಿಂದಿನವನೆಂಬಷ್ಟು ನಿಶ್ಚಯವಾಗುತ್ತದೆ. ಎಷ್ಟು ಹಿಂದಿನವನೆಂಬುದು ಅದರಿಂದ ತಿಳಿಯುವುದಿಲ್ಲ. ಗದುಗಿನ ನಾರಣಪ್ಪ ಬಿಟ್ಟ ಭಾರತದ ಉಳಿದ ಭಾಗವನ್ನು ತಿಮ್ಮಣ್ಣಕವಿ ಕೃಷ್ಣದೇವರಾಯನ ಆಶ್ರಯದಲ್ಲಿ ಪೂರ್ಣಗೊಳಿಸಿದುದರಿಂದ ಕುಮಾರವ್ಯಾಸನ ಕಾಲಕ್ಕೆ ಈಚಿನ ಎಲ್ಲೆಯೊಂದು ದೊರೆಯುತ್ತದೆ. ಆಚಿನ ಎಲ್ಲೆಗೆ ಬೇರೆ ಪ್ರಮಾಣಗಳನ್ನೇ ಹುಡುಕಬೇಕು. ಕವಿಚರಿತೆ ಅವನನ್ನು ಸುಮಾರು ೧೪೩೦ರಲ್ಲಿ ಇರಿಸಿತು. ಈ ಸುಮಾರು ಎಂಬ ಮಾತಿಗೆ ನರಸಿಂಹಾಚಾರ್ಯರಲ್ಲಿ ದೊಡ್ಡ ಬೆಲೆಯಿದೆ. ಪ್ರಮಾಣವು ನೇರವಾಗಿ ಹೇಳಿದುದಕ್ಕೂ ವಿದ್ವಾಂಸನು ಊಹೆಯಿಂದ ತಲುಪಿದುದಕ್ಕೂ ನಡುವೆ ಎಳೆದ ಗೆರೆ ಅದು.

ಮೂರನೆಯದು ಸಂಕಲನಗಳು ಮತ್ತು ಲಕ್ಷಣಗ್ರಂಥಗಳು. ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ, ಅಭಿನವವಾದಿ ವಿದ್ಯಾನಂದನ ಕಾವ್ಯಸಾರ, ಕೇಶಿರಾಜನ ಶಬ್ದಮಣಿದರ್ಪಣ ಇವುಗಳಲ್ಲಿ ಉದಾಹೃತವಾದ ಪದ್ಯಗಳಲ್ಲಿ ಅನೇಕವು ಇಂದು ಇಡಿಯಾಗಿ ಸಿಗದ ಕಾವ್ಯಗಳವು. ಮೊದಲನೆಯ ಗುಣವರ್ಮನ ಶೂದ್ರಕ ಅಂತಹುದೊಂದು ಕೃತಿ. ಕಾವ್ಯ ಕಳೆದುಹೋಗಿದೆ, ಕೆಲವು ಪದ್ಯಗಳು ಮಾತ್ರ ಉಳಿದಿವೆ. ಆ ಪದ್ಯಗಳಲ್ಲಿ ಬರುವ ಮಹೇಂದ್ರಾಂತಕ ಮೊದಲಾದ ಬಿರುದುಗಳನ್ನು ನರಸಿಂಹಾಚಾರ್ಯರು ಗಂಗರ ಶಾಸನಗಳಲ್ಲಿ ಎರೆಯಪ್ಪನಿಗೆ ಸಲ್ಲುವ ಬಿರುದುಗಳೊಡನೆ ಹೊಂದಿಸಿ ನೋಡಿ, ಕವಿ ಆ ಅರಸನ ಕಾಲದವನೆಂದು ನಿರ್ಣಯಿಸಿದರು. ಸಂಕಲನ ಪದ್ಯವನ್ನು ಉಳಿಸಿತು. ಶಾಸನ ಅರಸನನ್ನು ಗುರುತಿಸಿತು. ಎರಡರಲ್ಲಿ ಒಂದೇ ಇದ್ದಿದ್ದರೆ ಈ ನಿರ್ಣಯ ಸಾಧ್ಯವಾಗುತ್ತಿರಲಿಲ್ಲ.

ನಾಲ್ಕನೆಯದು ಶಾಸನ. ಅದು ತನ್ನ ಕಾಲದಲ್ಲಿಯೇ ಕಲ್ಲಿನ ಮೇಲೆ ಕೆತ್ತಲ್ಪಟ್ಟದ್ದು, ಬಹುಮಟ್ಟಿಗೆ ತಿಥಿವಾರಗಳನ್ನು ಹೇಳತಕ್ಕದ್ದು. ಜನ್ನನ ಯಶೋಧರಚರಿತೆ ೧೨೦೯ರಲ್ಲಿ, ಅನಂತನಾಥಪುರಾಣ ೧೨೩೦ರಲ್ಲಿ ರಚಿತವಾದುವೆಂಬುದು ಕಾವ್ಯಗಳಿಂದ ತಿಳಿಯುತ್ತದೆ. ಆದರೆ ಚನ್ನರಾಯಪಟ್ಟಣ ಮತ್ತು ತರೀಕೆರೆ ತಾಲ್ಲೂಕುಗಳ ಎರಡು ಶಾಸನಗಳ ಪದ್ಯಗಳನ್ನು ರಚಿಸಿದವನೂ ಅವನೇ ಎಂಬುದು ತಿಳಿದಾಗ, ಹನ್ನೆರಡನೆಯ ಶತಮಾನದ ಕೊನೆಯ ದಶಕದಲ್ಲಿಯೇ ಅವನ ಲೇಖನಿ ನಡೆದಿತ್ತೆಂದಾಯಿತು. ಶಾಸನವೆಂದರೆ ಇಸವಿಯನ್ನು ಹೇಳುವ ಕಲ್ಲು ಮಾತ್ರವಲ್ಲ, ಅದೂ ಸಾಹಿತ್ಯವೇ ಎಂಬ ತಿಳಿವಳಿಕೆಯಿಂದ ೧೯೨೩ರಲ್ಲಿ ಅವರು ಶಾಸನಪದ್ಯಮಂಜರಿಯನ್ನು ಹೊರತಂದರು.

ಐದನೆಯದು ಐತಿಹ್ಯ. ಇದನ್ನು ಕಣ್ಣುಮುಚ್ಚಿ ನಂಬುವುದೂ ಕಣ್ಣುಮುಚ್ಚಿ ತಳ್ಳುವುದೂ ಸುಲಭ. ತೂಗಿ ನೋಡುವುದು ಕಷ್ಟ. ಶ್ರವಣಬೆಳಗೊಳದ ಶಾಸನಗಳ ಸಂಪುಟದಲ್ಲಿ ನರಸಿಂಹಾಚಾರ್ಯರು ಈ ಕಷ್ಟವನ್ನು ಹೇಗೆ ಎದುರಿಸಿದರೆಂಬುದನ್ನು ನೋಡಬಹುದು. ೧೮೮೯ರಲ್ಲಿ ರೈಸರು ಅಲ್ಲಿಯ ೧೪೪ ಶಾಸನಗಳನ್ನು ಪ್ರಕಟಿಸಿದ್ದರು. ನರಸಿಂಹಾಚಾರ್ಯರು ಬೆಟ್ಟಗಳನ್ನೂ ಊರನ್ನೂ ಸುತ್ತಣ ಹಳ್ಳಿಗಳನ್ನೂ ಮತ್ತೆ ಶೋಧಿಸಿ ೧೯೨೩ರ ಪರಿಷ್ಕೃತ ಸಂಪುಟದಲ್ಲಿ ಈ ಸಂಖ್ಯೆಯನ್ನು ೫೦೦ಕ್ಕೆ ಏರಿಸಿದರು. ಮೌರ್ಯ ಚಂದ್ರಗುಪ್ತನು ಭದ್ರಬಾಹುವಿನೊಡನೆ ದಕ್ಷಿಣಕ್ಕೆ ಬಂದು ಆ ಬೆಟ್ಟದಲ್ಲಿ ದೇಹವಿಟ್ಟನೆಂಬ ಜೈನ ಐತಿಹ್ಯದ ಬಗೆಗೆ ಆ ಹೊತ್ತಿಗೆ ದೊಡ್ಡ ವಿವಾದವೇ ನಡೆದಿತ್ತು. ರೈಸರು ಅದನ್ನು ಒಪ್ಪಿದ್ದರು, ಫ್ಲೀಟರು ಒಪ್ಪಿರಲಿಲ್ಲ.

ನರಸಿಂಹಾಚಾರ್ಯರು ಸಾಕ್ಷ್ಯಗಳನ್ನು ಕಾಲಾನುಕ್ರಮವಾಗಿ ಜೋಡಿಸಿದರು. ಚಂದ್ರಗಿರಿಯ ಸುಮಾರು ೬೦೦ರ ಶಾಸನ, ಶ್ರೀರಂಗಪಟ್ಟಣದ ಬಳಿಯ ಸುಮಾರು ೯೦೦ರ ಶಾಸನಗಳು, ಹರಿಷೇಣನ ೯೩೧ರ ಕಥಾಕೋಶ, ಚಿದಾನಂದಕವಿಯ ೧೬೮೦ರ ಮುನಿವಂಶಾಭ್ಯುದಯ, ದೇವಚಂದ್ರನ ೧೮೩೮ರ ರಾಜಾವಳೀಕಥೆ ಇವೆಲ್ಲವನ್ನೂ ಪರಿಶೀಲಿಸಿದರು. ಇವುಗಳಲ್ಲಿ ಅತ್ಯಂತ ಹಳೆಯ ಶಾಸನವೂ ಚಂದ್ರಗುಪ್ತನಿಗೆ ಸುಮಾರು ಒಂಬತ್ತು ಶತಮಾನಗಳಷ್ಟು ಈಚಿನದು. ಬೆಟ್ಟದಲ್ಲಿ ಅಂತಹ ನಂಬಿಕೆ ಬೇರೂರುತ್ತಿತ್ತೆಂಬುದಕ್ಕೆ ಅದು ಸಮಕಾಲೀನ ಸಾಕ್ಷಿ. ಮೌರ್ಯರ ಕಾಲದ ಘಟನೆಗಲ್ಲ. ಈ ಅಂತರವನ್ನು ಮರೆಯದೆಯೇ ಅವರು ಐತಿಹ್ಯಕ್ಕೆ ಒಂದು ಆಧಾರ ಇರುವಂತೆ ತೋರುತ್ತದೆಂಬ ಮಿತವಾದ ನಿಲುವಿಗೆ ಬಂದರು. ಅವರ ತೀರ್ಮಾನವನ್ನು ಇಂದು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಒಪ್ಪದವರಿಗೂ ಬೇಕಾದ ಸಾಮಗ್ರಿ ಅವರ ಪುಟಗಳಲ್ಲಿಯೇ ಇದೆ. ತನ್ನನ್ನು ಖಂಡಿಸುವವನಿಗೂ ಪ್ರಮಾಣಗಳನ್ನು ಒದಗಿಸಿಕೊಡುವುದು ಉತ್ತಮ ಸಂಶೋಧನೆಯ ಲಕ್ಷಣ.

ದೇವಾಲಯಗಳ ಅಧ್ಯಯನದಲ್ಲಿಯೂ ಇದೇ ಎಚ್ಚರ ಕಾಣುತ್ತದೆ. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಅವರ ಗ್ರಂಥ ೧೯೧೭ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ದೇವಾಲಯಗಳನ್ನು ಕುರಿತವು ೧೯೧೯ರಲ್ಲಿ ಹೊರಬಂದುವು. ಹೊಯ್ಸಳ ಶಿಲ್ಪವೆಲ್ಲವನ್ನೂ ಜಕಣಾಚಾರಿಯೊಬ್ಬನಿಗೆ ಸಲ್ಲಿಸುವುದು ಜನಪದ ನೆನಪಿನ ರೀತಿ. ಆದರೆ ವಿಗ್ರಹಗಳ ಪೀಠದ ಮೇಲೆ ಮಲ್ಲಿತಮ್ಮ, ದಾಸೋಜ, ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆ. ನರಸಿಂಹಾಚಾರ್ಯರು ಈ ಸಣ್ಣ ಬರಹಗಳನ್ನು ಓದಿ ದಾಖಲಿಸಿದುದರಿಂದ, ಐತಿಹ್ಯದ ಒಂದು ದೊಡ್ಡ ಹೆಸರಿನ ಹಿಂದೆ ಮರೆಯಾಗಿದ್ದ ಅನೇಕ ಕೈಗಳು ಬೆಳಕಿಗೆ ಬಂದುವು.

ಧಾರವಾಡದಲ್ಲಿ ೧೯೧೮ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನರಸಿಂಹಾಚಾರ್ಯರು ಅಧ್ಯಕ್ಷರಾದರು. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಡಳಿತದ ಎಲ್ಲೆಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆಲ್ಲ ಸಮಾನವಾದ ಒಂದು ಸಾಹಿತ್ಯಪರಂಪರೆಯಿದೆಯೆಂಬುದನ್ನು ಪ್ರಮಾಣಸಹಿತವಾಗಿ ತೋರಿಸಿದವರಿಗೆ ಆ ಪೀಠ ಸಂದುದು ಉಚಿತವೇ ಆಗಿತ್ತು.

ನಿವೃತ್ತಿಯ ಬಳಿಕವೂ ಅವರ ಕೆಲಸ ನಿಲ್ಲಲಿಲ್ಲ. ಹೊಸ ಸಾಮಗ್ರಿ ದೊರೆತಂತೆ ಕವಿಚರಿತೆಯ ಮೊದಲ ಸಂಪುಟವನ್ನು ತಿದ್ದಿ ೧೯೨೪ರಲ್ಲಿ ಪರಿಶೋಧಿತ ಮುದ್ರಣವನ್ನು ಹೊರತಂದರು. ತಮ್ಮದೇ ಗ್ರಂಥವನ್ನು ತಾವೇ ತಿದ್ದುವ ಈ ಮನೋಧರ್ಮ ಅವರ ಪಾಂಡಿತ್ಯದಷ್ಟೇ ಗಣ್ಯವಾದುದು. ೧೯೩೬ರಲ್ಲಿ ಅವರು ನಿಧನ ಹೊಂದಿದರು. ಎಂ. ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಪ್ರಕಾಶಕ್ಕೆ ತಂದುದೂ ಸುಮಾರು ಆ ಕಾಲದಲ್ಲಿಯೇ. ಕನ್ನಡ ಬರಹದ ಚರಿತ್ರೆಯ ಮೊದಲ ಪುಟವನ್ನೇ ಮತ್ತೆ ಬರೆಯಬೇಕಾಯಿತು.

ಅವರ ನಂತರ ಬೇರೆ ಪುಟಗಳೂ ಬದಲಾದುವು. ಹರಿಹರನನ್ನು ಕವಿಚರಿತೆ ಸುಮಾರು ೧೧೬೫ರಲ್ಲಿ ಇರಿಸಿದ್ದರೆ, ಈಚಿನ ವಿದ್ವಾಂಸರು ಅವನನ್ನು ಕೆಲವು ದಶಕಗಳಷ್ಟು ಈಚೆಗೆ ತಂದಿದ್ದಾರೆ. ಇಂದಿನ ತೆಲಂಗಾಣದ ಕರೀಂನಗರದ ಕಡೆಯ ಕುರ್ಕ್ಯಾಲದಲ್ಲಿ ದೊರೆತ ಜಿನವಲ್ಲಭನ ಶಾಸನ, ಪಂಪನ ಕಾವ್ಯಗಳು ಹೇಳದ ಸಂಗತಿಗಳನ್ನು ಹೇಳಿತು. ಪಂಪನಿಗೆ ಜಿನವಲ್ಲಭನೆಂಬ ತಮ್ಮನಿದ್ದನೆಂಬುದೂ ತಾಯಿಯ ಹೆಸರು ಅಬ್ಬಣಬ್ಬೆಯೆಂಬುದೂ ಅದರಿಂದ ತಿಳಿದುವು. ನರಸಿಂಹಾಚಾರ್ಯರು ಕಾಣದಿದ್ದ ಈ ಶಾಸನ ಅವರ ವಿಧಾನವನ್ನು ಸುಳ್ಳು ಮಾಡಲಿಲ್ಲ. ಕಾವ್ಯ ಮೌನವಾಗಿರುವಲ್ಲಿ ಶಾಸನ ಮಾತನಾಡಬಹುದೆಂಬ ಅವರ ನಂಬಿಕೆಯನ್ನೇ ದೃಢಪಡಿಸಿತು.

ಸಂಶೋಧನ ಪ್ರಬಂಧಗಳಲ್ಲಿ ಕವಿಚರಿತೆಯನ್ನು ಇಂದಿಗೂ ಬಳಸಿಕೊಳ್ಳಲಾಗುತ್ತದೆ. ಬಳಸಿಕೊಳ್ಳುವಾಗ ಅದರ ಸುಮಾರು ಎಂಬ ಮಾತು ಅನೇಕ ವೇಳೆ ಬಿದ್ದುಹೋಗುತ್ತದೆ. ಹಾಗೆ ಬಿಟ್ಟ ಪ್ರಬಂಧವನ್ನು ಆಧಾರವಾಗಿಟ್ಟುಕೊಂಡು ಇನ್ನೊಬ್ಬರು ಬರೆಯುತ್ತಾರೆ. ಊಹೆಯೊಂದು ಎರಡು ತಲೆಮಾರುಗಳಲ್ಲಿ ಸಿದ್ಧಾಂತವಾಗುತ್ತದೆ. ಕವಿಚರಿತೆ ಕವಿಗಳ ವಿಷಯದಲ್ಲಿ ಮೂಲ ಆಕರವಲ್ಲ. ಮೂಲ ಆಕರಗಳನ್ನು ಓದಿದವರೊಬ್ಬರ ತೀರ್ಪು. ಇಪ್ಪತ್ತನೆಯ ಶತಮಾನದ ಆರಂಭದ ಕನ್ನಡ ವಿದ್ವತ್ತನ್ನು ಅಧ್ಯಯನ ಮಾಡುವವರಿಗೆ ಮಾತ್ರ ಅದೇ ಗ್ರಂಥ ಮೂಲ ಆಕರವಾಗುತ್ತದೆ. ಗ್ರಂಥ ಒಂದೇ, ಕೇಳುವ ಪ್ರಶ್ನೆ ಬದಲಾದಂತೆ ಅದರ ಸ್ಥಾನವೂ ಬದಲಾಗುತ್ತದೆ.

ಆದುದರಿಂದ ನರಸಿಂಹಾಚಾರ್ಯರಿಗೆ ಗೌರವ ಸಲ್ಲಿಸುವ ಸರಿಯಾದ ಮಾರ್ಗ ಅವರ ಇಸವಿಗಳನ್ನು ಒಪ್ಪಿಸುವುದಲ್ಲ. ಅವರು ಆ ಇಸವಿಗೆ ಬಂದ ದಾರಿಯಲ್ಲಿ ಹಿಂದಿರುಗಿ ನಡೆದು, ಅಲ್ಲಿರುವ ಓಲೆಗರಿಯನ್ನೂ ಕಲ್ಲನ್ನೂ ಮತ್ತೊಮ್ಮೆ ಕಣ್ಣಾರೆ ನೋಡುವುದು.