ಫರ್ಡಿನೆಂಡ್ ಕಿಟ್ಟೆಲ್

ಫರ್ಡಿನೆಂಡ್ ಕಿಟ್ಟೆಲ್ (1832–1903) ಜರ್ಮನಿಯ ಕ್ರೈಸ್ತ ಧರ್ಮಪ್ರಚಾರಕರು ಹಾಗೂ ಕನ್ನಡದ ನಿಘಂಟುಕಾರರು. 1894ರಲ್ಲಿ ಪ್ರಕಟವಾದ ಕನ್ನಡ–ಇಂಗ್ಲಿಷ್ ನಿಘಂಟು ಇವರ ಪ್ರಮುಖ ಕೃತಿ. ಹಳಗನ್ನಡದ ವ್ಯಾಕರಣ ಮತ್ತು ಛಂದಸ್ಸಿನ ಗ್ರಂಥಗಳನ್ನು ಸಂಪಾದಿಸಿದ ಇವರು, ಬಳಕೆಯಿಂದ ಮರೆಯಾಗಿದ್ದ ೞ ಮತ್ತು ಱ ಅಕ್ಷರಗಳನ್ನುಳ್ಳ ಪದಗಳ ಮೂಲರೂಪಗಳನ್ನು ತಮ್ಮ ನಿಘಂಟಿನಲ್ಲಿ ದಾಖಲಿಸಿದರು.

ಜನನ ಮತ್ತು ಆರಂಭಿಕ ಜೀವನ

ಕಿಟ್ಟೆಲ್ ಅವರು 1832ರ ಏಪ್ರಿಲ್ 7ರಂದು ಜರ್ಮನಿಯ ವಾಯವ್ಯ ಭಾಗದ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಜನಿಸಿದರು. ಇವರ ತಂದೆ ಪಾದ್ರಿಯಾಗಿದ್ದರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯ ಶಿಕ್ಷಣಾಲಯವನ್ನು ಸೇರಿದ ಅವರನ್ನು ಸಂಸ್ಥೆಯು 1853ರಲ್ಲಿ ಭಾರತಕ್ಕೆ ಕಳುಹಿಸಿತು. ಧಾರವಾಡ, ಹುಬ್ಬಳ್ಳಿ, ಮಂಗಳೂರು ಮತ್ತು ಮಡಿಕೇರಿಗಳಲ್ಲಿ ಅವರು ಕೆಲಸ ಮಾಡಿದರು.

1860ರಲ್ಲಿ ಪೌಲೀನ್ ಐತ್ ಅವರನ್ನು ವಿವಾಹವಾದರು. ಪೌಲೀನ್ 1864ರಲ್ಲಿ ಮೃತರಾದರು. ಮುಂದೆ ಪೌಲೀನರ ಸೋದರಿ ಯೂಲಿಯವರೊಡನೆ ಕಿಟ್ಟೆಲ್ ಅವರ ಎರಡನೆಯ ವಿವಾಹ ನಡೆಯಿತು. ಯೇಸುವಿನ ಜೀವನವನ್ನು ಭಾರತೀಯ ಛಂದಸ್ಸಿನಲ್ಲಿ ನಿರೂಪಿಸುವ ಅವರ 'ಕಥಾಮಾಲೆ' 1862ರಲ್ಲಿ ಪ್ರಕಟವಾಯಿತು.

ನಿಘಂಟಿನ ಹಿನ್ನೆಲೆ

ಕನ್ನಡದಲ್ಲಿ ಪದಗಳನ್ನು ಸಂಗ್ರಹಿಸಿ ಅರ್ಥ ಹೇಳುವ ಪರಂಪರೆ ಪ್ರಾಚೀನವಾದುದು. ಇಂದಿನ ಬೀದರ ಜಿಲ್ಲೆಯ ಕಲ್ಯಾಣವನ್ನು ರಾಜಧಾನಿಯಾಗಿ ಹೊಂದಿದ್ದ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ನಾಗವರ್ಮನು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ನೀಡುವ 'ಅಭಿಧಾನ ವಸ್ತುಕೋಶ'ವನ್ನು ರಚಿಸಿದನು. ಆದರೆ ಇಂತಹ ಕೋಶಗಳು ಪದ್ಯರೂಪದಲ್ಲಿದ್ದವು. ಕಂಠಪಾಠ ಮಾಡಲು ಅನುಕೂಲವಾಗಿದ್ದರೂ ಬೇಕಾದ ಪದವನ್ನು ಅಕ್ಷರಕ್ರಮದಿಂದ ಹುಡುಕಲು ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು.

ಮರೆಯಾದ ಅಕ್ಷರಗಳ ಸಮಸ್ಯೆ

ಹಳಗನ್ನಡದಲ್ಲಿ ಅಕ್ಷರಸಂಖ್ಯೆ ಸಮನಾಗಿದ್ದು ಒಂದೇ ಒಂದು ವ್ಯಂಜನದಲ್ಲಿ ಭೇದವಿರುವ ಅನೇಕ ಪದಗಳಿವೆ. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಆಳ್ ಎಂದರೆ ಆಳ್ವಿಕೆ ನಡೆಸು, ಆೞ್ ಎಂದರೆ ಮುಳುಗು. ಕಾಲಾಂತರದಲ್ಲಿ ೞ ಅಕ್ಷರದ ಉಚ್ಚಾರಣೆ ಹೆಚ್ಚಾಗಿ ಳಕಾರದಲ್ಲಿ ಬೆರೆತುಹೋದುದರಿಂದ ಇಂತಹ ಜೋಡಿಗಳು ಬರವಣಿಗೆಯಲ್ಲಿ ಒಂದೇ ರೂಪವನ್ನು ಪಡೆದವು. ಹಸ್ತಪ್ರತಿಗಳನ್ನು ನಕಲು ಮಾಡಿದವರು ಎರಡನ್ನೂ ಒಂದೇ ರೀತಿ ಬರೆದುದರಿಂದ, ಪದದ ಮೂಲವನ್ನು ಕೇವಲ ಓದಿ ನಿರ್ಧರಿಸುವುದು ಕಷ್ಟವಾಯಿತು.

ಈ ಭೇದವನ್ನು ಗುರುತಿಸಲು ಮೂರು ಆಧಾರಗಳು ಉಳಿದಿದ್ದವು. ಮೊದಲನೆಯದು ವ್ಯಾಕರಣ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿದ್ದಾನೆ. ಕಿಟ್ಟೆಲ್ ಈ ಗ್ರಂಥವನ್ನು ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು.

ಎರಡನೆಯದು ಛಂದಸ್ಸು. ಹಳಗನ್ನಡ ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಆದಿಪ್ರಾಸದ ನಿಯಮ. ಪ್ರಾಸಾಕ್ಷರದ ಹಿಂದಿನ ಸ್ವರ ಹ್ರಸ್ವವಾಗಿದ್ದರೆ ಸಿಂಹಪ್ರಾಸ, ದೀರ್ಘವಾಗಿದ್ದರೆ ಗಜಪ್ರಾಸ. ಆದ್ದರಿಂದ ಕವಿಯು ನಿಯತ ಸ್ಥಾನದಲ್ಲಿ ನಿಯತ ಅಕ್ಷರವಿದ್ದು, ಮಾತ್ರೆಗೂ ಹೊಂದುವ ಪದವನ್ನೇ ಆರಿಸಬೇಕಾಗಿತ್ತು. ೞಕಾರಕ್ಕೆ ೞಕಾರವನ್ನೇ ಪ್ರಾಸವಾಗಿ ತಂದ ಪ್ರಾಚೀನ ಪದ್ಯಗಳು, ಲಿಪಿಕಾರರ ಕೈಯಲ್ಲಿ ಬರಹ ಬದಲಾದ ಮೇಲೂ ಮೂಲ ಅಕ್ಷರಕ್ಕೆ ಸಾಕ್ಷಿಯಾಗಿ ಉಳಿದವು. ಕಿಟ್ಟೆಲ್ ಅವರು ನಾಗವರ್ಮನ ಛಂದೋಗ್ರಂಥವನ್ನು ಕನ್ನಡ ಸಾಹಿತ್ಯವನ್ನು ಕುರಿತ ಪ್ರಬಂಧದೊಂದಿಗೆ 1875ರಲ್ಲಿ ಪ್ರಕಟಿಸಿದರು.

ಮೂರನೆಯದು ಸೋದರ ಭಾಷೆಗಳ ಹೋಲಿಕೆ. ಕನ್ನಡದಲ್ಲಿ ಮರೆಯಾದ ಈ ಅಕ್ಷರ ತಮಿಳು ಮತ್ತು ಮಲಯಾಳಂಗಳಲ್ಲಿ ಇಂದಿಗೂ ಉಳಿದಿದೆ. ಕನ್ನಡದ ಬಾೞ್ ಪದಕ್ಕೆ ತಮಿಳಿನ ವಾೞ್ ಸಂವಾದಿಯಾದರೆ, ಬಾಳ್ ಪದಕ್ಕೆ ವಾಳ್ ಸಂವಾದಿಯಾಗಿದೆ.

ಕನ್ನಡ–ಇಂಗ್ಲಿಷ್ ನಿಘಂಟು

ಕಿಟ್ಟೆಲ್ 1877ರಲ್ಲಿ ಜರ್ಮನಿಗೆ ಮರಳಿದರೂ ನಿಘಂಟಿನ ಕಾರ್ಯಕ್ಕಾಗಿ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ದೀರ್ಘಕಾಲದ ಶ್ರಮದಿಂದ ಅವರ ಆರೋಗ್ಯವೂ ಕಣ್ಣುಗಳೂ ಬಳಲಿದವು. 1892ರಲ್ಲಿ ಅವರು ಸ್ವದೇಶಕ್ಕೆ ಹಿಂತಿರುಗಿದರು. ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಪ್ರಕಟವಾಯಿತು.

ಸುಮಾರು 70,000 ಪದಗಳನ್ನೊಳಗೊಂಡ ಈ ನಿಘಂಟಿನಲ್ಲಿ ಕಾವ್ಯ ಹಾಗೂ ಶಾಸ್ತ್ರಗ್ರಂಥಗಳ ಪದಗಳ ಜೊತೆಗೆ ಆಡುಮಾತಿನ ಪದಗಳು ಮತ್ತು ಗಾದೆಗಳೂ ಸೇರಿವೆ. ಅರ್ಥವನ್ನು ಇಂಗ್ಲಿಷಿನಲ್ಲಿ ನೀಡಲಾಗಿದ್ದು, ಪ್ರಯೋಗದ ಆಕರಗಳನ್ನೂ ಸೋದರ ಭಾಷೆಗಳ ಸಮಾನಪದಗಳನ್ನೂ ಸೂಚಿಸಲಾಗಿದೆ. ದೇಶ್ಯ, ತತ್ಸಮ, ತದ್ಭವ ಮತ್ತು ಅನ್ಯದೇಶ್ಯ ಪದಗಳನ್ನು ಬೇರ್ಪಡಿಸಿ ತೋರಿಸಲಾಗಿದೆ. ದ್ರಾವಿಡ ಭಾಷೆಗಳಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಪಟ್ಟಿಯೊಂದನ್ನು ಮುನ್ನುಡಿಯಲ್ಲಿ ಕೊಡಲಾಗಿದೆ.

ಕೊನೆಯ ವರ್ಷಗಳು

ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲ್ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಹಳಗನ್ನಡ, ನಡುಗನ್ನಡ ಮತ್ತು ಹೊಸಗನ್ನಡಗಳನ್ನು ವಿವರಿಸುವ ಅವರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ನಿಧನರಾದರು.

ಪ್ರಭಾವ ಮತ್ತು ಸ್ಮರಣೆ

ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟು ಮದರಾಸು ವಿಶ್ವವಿದ್ಯಾಲಯದಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಗಿದೆ. ಧಾರವಾಡದ ಕಿಟ್ಟೆಲ್ ಕಾಲೇಜು ಇವರ ಹೆಸರನ್ನು ಹೊಂದಿದೆ; ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇವರ ಪ್ರತಿಮೆಯಿದೆ. ೞ ಮತ್ತು ಱ ಅಕ್ಷರಗಳು ಇಂದಿನ ಬರವಣಿಗೆಯಲ್ಲಿ ಇಲ್ಲದಿದ್ದರೂ, ಹಳಗನ್ನಡ ಕಾವ್ಯ ಹಾಗೂ ಶಾಸನಗಳನ್ನು ಓದುವವರು ಪದಗಳ ಮೂಲರೂಪಕ್ಕಾಗಿ ಈ ನಿಘಂಟನ್ನು ಬಳಸುತ್ತಾರೆ.