ಇಗ್ನಾತ್ಸಿಯೊ ಸಿಲೋನೆ: ಪಕ್ಷತ್ಯಾಗವೂ ಲೇಖನವ್ರತವೂ

ಇಟಲಿ ದೇಶದ ಮಧ್ಯಭಾಗದಲ್ಲಿ, ರೋಮ್ ನಗರಕ್ಕೆ ಪೂರ್ವದಿಕ್ಕಿನಲ್ಲಿ, ಅಬ್ರುತ್ಸೊ ಎಂಬ ಬೆಟ್ಟನಾಡು ಇದೆ. ಅಲ್ಲಿಯ ಪೆಶೀನಾ ಎಂಬ ಊರಿನಲ್ಲಿ 1900ನೆಯ ಇಸವಿ ಮೇ 1ರಂದು ಸೆಕೊಂದಿನೊ ತ್ರಾಂಕ್ವಿಲ್ಲಿ ಎಂಬ ಶಿಶು ಜನಿಸಿತು. ಈ ಶಿಶುವೇ ಮುಂದೆ ಇಗ್ನಾತ್ಸಿಯೊ ಸಿಲೋನೆ ಎಂಬ ಹೆಸರಿನಿಂದ ಜಗತ್ತಿನ ಸಾಹಿತ್ಯದಲ್ಲಿ ನೆಲೆನಿಂತ ಕಾದಂಬರಿಕಾರ. ತಂದೆ ಸ್ವಲ್ಪ ಹೊಲವಿದ್ದ ರೈತ. ತಾಯಿ ಮಗ್ಗದ ಕೆಲಸ ಬಲ್ಲವಳು. ಊರಿನ ಮುಂದೆ ಹಿಂದೊಂದು ಕಾಲದಲ್ಲಿ ಫೂಚಿನೊ ಎಂಬ ವಿಶಾಲವಾದ ಸರೋವರವಿದ್ದಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ತೊರ್ಲೋನಿಯಾ ಎಂಬ ಸಿರಿವಂತ ಮನೆತನದವರು ಆ ನೀರನ್ನೆಲ್ಲ ಹೊರಹರಿಸಿ, ಬಯಲಾದ ಫಲವತ್ತಾದ ನೆಲಕ್ಕೆ ತಾವೇ ಒಡೆಯರಾದರು. ಸುತ್ತಲಿನ ಬೆಟ್ಟದ ಜನಕ್ಕೆ ಮೀನೂ ಹೋಯಿತು, ನೆಲವೂ ದಕ್ಕಲಿಲ್ಲ. ಅವರು ಆ ಬಯಲಿನಲ್ಲಿ ಗೇಣಿದಾರರಾಗಿ, ಕೂಲಿಗಳಾಗಿ ದುಡಿದು ಬಾಳಿದರು. ಸಿಲೋನೆಯವರ ಬರಹವೆಲ್ಲ ಈ ಒಂದು ಬಯಲಿನ ಸುತ್ತಲೇ ಸುಳಿಯುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಯುಕ್ತ.

ಬಾಲ್ಯದ ಒಂದು ಪ್ರಸಂಗ ಅವರ ಮನಸ್ಸಿನಲ್ಲಿ ಕಡೆಯವರೆಗೂ ಉಳಿಯಿತು. ಬರಿಗಾಲಿನ, ಹರಕುಬಟ್ಟೆಯ ಬಡವನೊಬ್ಬನನ್ನು ಪೊಲೀಸರು ಕೈಗೆ ಕೋಳ ತೊಡಿಸಿ ಬೀದಿಯಲ್ಲಿ ಎಳೆದೊಯ್ಯುತ್ತಿದ್ದರು. ಅವನ ನಡಿಗೆಯನ್ನು ಕಂಡು ಹುಡುಗ ನಕ್ಕುಬಿಟ್ಟ. ತಂದೆ ಅವನನ್ನು ಒಳಗೆ ಕರೆದು ಗದರಿಸಿದ. ಸೆರೆಸಿಕ್ಕವನು ತನ್ನ ಪರವಾಗಿ ಏನನ್ನೂ ಹೇಳಿಕೊಳ್ಳಲಾರ, ಅವನು ನಿರಪರಾಧಿಯೂ ಆಗಿರಬಹುದು, ಏನೇ ಆಗಲಿ ಅವನು ದುಃಖಿ ಎಂದು ತಿಳಿಯಹೇಳಿದ. ಶಾಲೆಯಲ್ಲಿ ಕಲಿಯಲಾಗದ ಪಾಠ ಇದು. ಆ ತಂದೆ 1911ರಲ್ಲಿ ತೀರಿಕೊಂಡ.

1915ರ ಜನವರಿ 13ರ ಬೆಳಿಗ್ಗೆ ಆ ಪ್ರಾಂತ್ಯದಲ್ಲಿ ಭಯಂಕರವಾದ ಭೂಕಂಪವಾಯಿತು. ಸುಮಾರು 30,000 ಮಂದಿ ಪ್ರಾಣ ಕಳೆದುಕೊಂಡರು. ಪೆಶೀನಾ ಊರು ಹೇಳಹೆಸರಿಲ್ಲದಂತೆ ನೆಲಸಮವಾಯಿತು. ಹದಿನಾಲ್ಕು ವರ್ಷದ ಬಾಲಕನ ತಾಯಿ ಮನೆಯ ಅವಶೇಷಗಳಡಿಯಲ್ಲಿ ಸಿಕ್ಕಿ ಮೃತಳಾದಳು. ಮನೆಯಲ್ಲಿ ಅವನೊಡನೆ ಉಳಿದವನು ರೋಮೊಲೊ ಎಂಬ ಚಿಕ್ಕ ತಮ್ಮ. ಅನಂತರದ ಪುನರ್ನಿರ್ಮಾಣದ ಹಣದಲ್ಲಿ ನಡೆದ ಮೋಸವನ್ನು ಕಂಡು, ಹುಡುಗ 'ಅವಾಂತಿ' ಎಂಬ ಸಮಾಜವಾದಿ ಪತ್ರಿಕೆಗೆ ಮೂರು ಲೇಖನಗಳನ್ನು ಬರೆದು ಕಳುಹಿಸಿದ. ಮೊದಲಿನೆರಡು ಅಚ್ಚಾದವು. ಮೂರನೆಯದು ಬೆಳಕು ಕಾಣಲಿಲ್ಲ. ಅದೇ ಪಕ್ಷದ ಪ್ರಭಾವಶಾಲಿ ವಕೀಲನೊಬ್ಬ ಅಡ್ಡ ಬಂದಿದ್ದನು. ಬರೆದದ್ದನ್ನು ತನ್ನವರೇ ಅಡಗಿಸುವ ಅನುಭವ ಅವರಿಗೆ ಬರವಣಿಗೆಯ ಮೊದಲ ಹೆಜ್ಜೆಯಲ್ಲಿಯೇ ಆಯಿತು.

ಅನಾಥನಾದ ಬಾಲಕ ವಿದ್ಯಾರ್ಥಿನಿಲಯದಿಂದ ಓಡಿಹೋಗಿ ಹೊರಹಾಕಲ್ಪಟ್ಟಾಗ, ಅವನನ್ನು ಕೈಹಿಡಿದವರು ದೋನ್ ಓರಿಯೋನೆ ಎಂಬ ಕ್ರೈಸ್ತ ಪಾದ್ರಿ. ಭೂಕಂಪದ ಅನಾಥ ಮಕ್ಕಳನ್ನು ಒಟ್ಟುಗೂಡಿಸಿ ಸಲಹಿದ ಮಹನೀಯರು ಇವರು. 2004ರಲ್ಲಿ ಕ್ಯಾಥೊಲಿಕ್ ಚರ್ಚು ಇವರನ್ನು ಸಂತರ ಸಾಲಿಗೆ ಸೇರಿಸಿತು. ಬೇರೊಂದು ಊರಿನ ಶಾಲೆಗೆ ಕರೆದೊಯ್ಯಲು ಬಂದ ಪಾದ್ರಿಯ ಗುರುತು ಹಿಡಿಯದೆ, ಹುಡುಗ ತನ್ನ ಗಂಟುಮೂಟೆಗಳನ್ನು ಅವರಿಂದಲೇ ಹೊರಿಸಿದ. ಓದಲು ಏನು ಬೇಕೆಂದು ಕೇಳಿದರೆ ಬೇಕೆಂದೇ 'ಅವಾಂತಿ' ಪತ್ರಿಕೆ ಬೇಕೆಂದ. ಪಾದ್ರಿ ಅದನ್ನೂ ತಂದುಕೊಟ್ಟರು. ಆ ರಾತ್ರಿಯ ರೈಲುಪ್ರಯಾಣದಲ್ಲಿ ಅವರಿಬ್ಬರೂ ಆಡಿದ ಮಾತುಗಳನ್ನು ಸಿಲೋನೆ ವೃದ್ಧಾಪ್ಯ ಸಮೀಪಿಸುತ್ತಿದ್ದಾಗ ಬರೆದಿಟ್ಟಿದ್ದಾರೆ. ದೇವಾಲಯವನ್ನು ತೊರೆದು ಬಹುದೂರ ಹೋದ ವ್ಯಕ್ತಿ ಒಬ್ಬ ಧರ್ಮಗುರುವಿನ ಬಗೆಗೆ ಬರೆದ ಆ ಪುಟಗಳಲ್ಲಿ ಕೃತಜ್ಞತೆಯಲ್ಲದೆ ಬೇರೆ ಭಾವವಿಲ್ಲ.

ಬಡರೈತರ ಸಂಘದ ಮೂಲಕ ಸಾರ್ವಜನಿಕ ಜೀವನಕ್ಕೆ ಬಂದ ತರುಣ, ರೋಮಿಗೆ ಹೋಗಿ ಸಮಾಜವಾದಿ ಯುವಕರ ಮುಂದಾಳಾದರು. 1921ರ ಜನವರಿಯಲ್ಲಿ ಲಿವೋರ್ನೊ ನಗರದಲ್ಲಿ ಇಟಲಿಯ ಕಮ್ಯುನಿಸ್ಟ್ ಪಕ್ಷ ಸ್ಥಾಪನೆಯಾದಾಗ ಅದರ ಸ್ಥಾಪಕರಲ್ಲಿ ಅವರೂ ಒಬ್ಬರು. ಫ್ಯಾಸಿಸ್ಟ್ ಆಳ್ವಿಕೆ ಬಲವಾಗಿ, 1926ರಲ್ಲಿ ವಿರೋಧಪಕ್ಷಗಳೆಲ್ಲ ನಿಷೇಧಗೊಂಡ ಮೇಲೆ ಅವರದು ತಲೆಮರೆಸಿಕೊಂಡ ಬಾಳು. ಹೊತ್ತಿಗೊಂದು ಹೆಸರು, ಊರಿಗೊಂದು ವೇಷ. ಸಿಲೋನೆ ಎಂಬುದೂ ಅಂಥ ಹೆಸರುಗಳಲ್ಲಿ ಒಂದು. ಕ್ರಿಸ್ತಪೂರ್ವದಲ್ಲಿ ರೋಮಿನ ವಿರುದ್ಧ ಹೋರಾಡಿದ ಅವರ ನಾಡಿನ ಪೊಪ್ಪೆದಿಯಸ್ ಸಿಲೊ ಎಂಬ ವೀರನಿಂದ ಪಡೆದುಕೊಂಡದ್ದು. ತಾಯಿತಂದೆ ಇಲ್ಲದವನಿಗೆ ಪಕ್ಷವೇ ಮನೆ, ಪಕ್ಷವೇ ಪಾಠಶಾಲೆ, ಪಕ್ಷವೇ ಗುಡಿ ಆಯಿತು. ಅನ್ನ, ಸ್ನೇಹ, ಮಾತು, ಮೌನ ಎಲ್ಲವೂ ಅದರ ಅಪ್ಪಣೆಯಂತೆ. ಒಮ್ಮೆ ಹೀಗೆ ಒಪ್ಪಿಸಿಕೊಂಡವನಿಗೆ ಅದನ್ನು ಬಿಡುವುದೆಂದರೆ ಒಂದು ಅಭಿಪ್ರಾಯವನ್ನು ಬದಲಿಸಿಕೊಂಡಷ್ಟು ಸುಲಭವಲ್ಲ.

1927ರ ಮೇ ತಿಂಗಳಲ್ಲಿ ಸಿಲೋನೆ, ತೊಲ್ಯಾತ್ತಿ ಎಂಬ ಮುಖಂಡರೊಡನೆ ಮಾಸ್ಕೋ ನಗರಕ್ಕೆ ಹೋದರು. ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘದ ಕಾರ್ಯಸಮಿತಿ ಸೇರಿದ್ದಿತು; ಸ್ಟಾಲಿನ್ ಸ್ವತಃ ಉಪಸ್ಥಿತನಿದ್ದನು. ಚೀನಾ ದೇಶದ ವಿಷಯವಾಗಿ ಟ್ರಾಟ್‌ಸ್ಕಿ ಬರೆದ ಒಂದು ಪತ್ರವನ್ನು ಖಂಡಿಸುವ ನಿರ್ಣಯ ಸಭೆಯ ಮುಂದೆ ಬಂದಿತು. ಆ ಪತ್ರವನ್ನು ತಾವು ಓದಿಲ್ಲ, ಓದದೆ ಖಂಡಿಸುವುದು ಹೇಗೆ ಎಂದು ಸಿಲೋನೆ ಕೇಳಿದರು. ವಿಚಾರಿಸಿದರೆ, ಖಂಡಿಸಲು ಸಿದ್ಧರಾಗಿದ್ದ ಉಳಿದವರೂ ಅದನ್ನು ಓದಿರಲಿಲ್ಲ! ಸರ್ವಾನುಮತವಿಲ್ಲದಿದ್ದರೆ ನಿರ್ಣಯವೇ ಬೇಡವೆಂದು ಸ್ಟಾಲಿನ್ ಅದನ್ನು ಹಿಂತೆಗೆದುಕೊಂಡಂತೆ ತೋರಿಸಿದನು. ಸಿಲೋನೆ ಹಿಂದಿರುಗುವ ದಾರಿಯಲ್ಲಿ ಬರ್ಲಿನ್ನಿನಲ್ಲಿ ಇಳಿದು ಪತ್ರಿಕೆ ತೆರೆದರೆ, ಟ್ರಾಟ್‌ಸ್ಕಿಯನ್ನು ಕಾರ್ಯಸಮಿತಿ ತೀವ್ರವಾಗಿ ಖಂಡಿಸಿತೆಂಬ ಸುದ್ದಿ ಅಚ್ಚಾಗಿದ್ದಿತು. ಬಂದೂಕಿಗೂ ಸೆರೆಮನೆಗೂ ಅಂಜದ ಮನಸ್ಸು ಆ ಕಾಗದದ ಮುಂದೆ ಒಳಗೊಳಗೇ ಮುರಿಯಿತು. ಆದರೂ ಪಕ್ಷವನ್ನು ಬಿಟ್ಟುಬರಲು ಅವರಿಗೆ ಇನ್ನೂ ನಾಲ್ಕು ವರ್ಷಗಳು ಹಿಡಿದವು.

ಆ ನಾಲ್ಕು ವರ್ಷಗಳಲ್ಲಿ ದುಃಖದ ಮೇಲೆ ದುಃಖ ಬಂದೆರಗಿತು. 1928ರ ಏಪ್ರಿಲ್ 12ರಂದು ಮಿಲಾನ್ ನಗರದ ವಾಣಿಜ್ಯ ಮೇಳದಲ್ಲಿ, ರಾಜನ ಆಗಮನದ ಸಮಯದಲ್ಲಿ, ಬಾಂಬು ಸಿಡಿದು ಅನೇಕರು ಸತ್ತರು. ಆ ಸಂಬಂಧದಲ್ಲಿ ತಮ್ಮ ರೋಮೊಲೊನನ್ನು ಬಂಧಿಸಿ ಕ್ರೂರವಾಗಿ ಹೊಡೆದರು. ಬಾಂಬಿನ ಆರೋಪ ನಿಲ್ಲಲಿಲ್ಲ. ಆದರೆ ಕಮ್ಯುನಿಸ್ಟನೆಂದು ಶಿಕ್ಷೆ ವಿಧಿಸಿದರು. ತನ್ನ ಸ್ಥಾನದಲ್ಲಿ ಅಣ್ಣನಿದ್ದಿದ್ದರೆ ಹೇಗೆ ನಡೆದುಕೊಳ್ಳುತ್ತಿದ್ದನೋ ಹಾಗೆಯೇ ನಡೆದುಕೊಳ್ಳಲು ಯತ್ನಿಸಿದೆನೆಂದು ಆ ತಮ್ಮ ಸೆರೆಯಿಂದ ಬರೆದು ತಿಳಿಸಿದ. ಪಕ್ಷದಲ್ಲಿ ಅಣ್ಣನ ನಂಬಿಕೆ ಬತ್ತುತ್ತಿದ್ದ ಹೊತ್ತಿನಲ್ಲಿಯೇ, ತಮ್ಮ ಅಣ್ಣನ ಮೇಲಿನ ನಂಬಿಕೆಯಿಂದ ಸೆರೆಯಲ್ಲಿ ಸವೆಯುತ್ತಿದ್ದನು. 1932ರ ಅಕ್ಟೋಬರಿನಲ್ಲಿ ಪ್ರೋಚಿದಾ ದ್ವೀಪದ ಸೆರೆಮನೆಯಲ್ಲಿ ಅವನ ದೇಹಾಂತವಾಯಿತು.

ಸಿಲೋನೆ ಈ ವೇಳೆಗೆ ಶ್ವಾಸಕೋಶದ ವ್ಯಾಧಿಯಿಂದ ಜರ್ಝರಿತರಾಗಿ ಸ್ವಿಟ್ಜರ್ಲೆಂಡಿನಲ್ಲಿ ಆಶ್ರಯ ಪಡೆದಿದ್ದರು. ಪಕ್ಷದೊಳಗೆ ಭಿನ್ನಮತೀಯರ ಉಚ್ಚಾಟನೆ ನಡೆದಿದ್ದಿತು; ಅದನ್ನು ಬಹಿರಂಗವಾಗಿ ಸಮರ್ಥಿಸಬೇಕೆಂದು ಅವರ ಮೇಲೆ ಒತ್ತಡ. 1931ರಲ್ಲಿ ಪಕ್ಷ ಅವರನ್ನೇ ಹೊರಹಾಕಿತು. ಸ್ವದೇಶಕ್ಕೆ ಹೋಗುವಂತಿಲ್ಲ, ಬಂಧುಗಳಿಲ್ಲ, ಹತ್ತು ವರ್ಷದ ಗೆಳೆಯರೆಲ್ಲ ಒಂದೇ ದಿನದಲ್ಲಿ ಅಪರಿಚಿತರು. ಹೊರಬಂದ ಆ ದಿನವನ್ನು ಅವರು ಬಿಡುಗಡೆಯ ದಿನವೆಂದು ಎಣಿಸಲಿಲ್ಲ. ತಮ್ಮ ಯೌವನವೇ ತೀರಿಹೋದ ಸೂತಕದ ದಿನವೆಂದು ಎಣಿಸಿದರು. ಅವರ ನಾಡಿನಲ್ಲಿ ಸೂತಕವನ್ನು ಬೇರೆಡೆಗಿಂತ ಹೆಚ್ಚು ಕಾಲ ಆಚರಿಸುತ್ತಾರೆ.

ಬಿಡುವ ಮುನ್ನವೇ, 1930ರಲ್ಲಿ, ದಾವೋಸ್ ಎಂಬ ಗಿರಿಧಾಮದಲ್ಲಿ ಇನ್ನು ತಾನು ಹೆಚ್ಚು ಕಾಲ ಬದುಕಲಾರೆನೆಂದು ತಿಳಿದು, ಅವರು 'ಫೊಂತಮಾರಾ' ಎಂಬ ಕಾದಂಬರಿಯನ್ನು ಬರೆಯತೊಡಗಿದರು. ಇಲ್ಲಿ ಒಂದು ಸಂಗತಿ ಗಮನಾರ್ಹ. ಮೋಸಹೋದವರು ಸಾಮಾನ್ಯವಾಗಿ ಮೊದಲು ಬರೆಯುವುದು ತಮ್ಮ ದೂರನ್ನು. ಸಿಲೋನೆ ಪಕ್ಷದ ಸುದ್ದಿಯನ್ನೇ ಎತ್ತದೆ ತಮ್ಮ ಊರಿಗೆ ಹಿಂದಿರುಗಿದರು. ಕಾಲಿನಿಂದ ಹೋಗಲಾಗದ ಊರಿಗೆ ಕಾಗದದ ಮೇಲೆ ಹೋದರು. ಫೊಂತಮಾರಾ ಎಂಬುದು ಕಲ್ಪಿತ ಹಳ್ಳಿ. ಆದರೆ ಅದರ ಮನೆ, ಕತ್ತೆ, ಕಲ್ಲು, ಕಿರುದಾರಿಗಳೆಲ್ಲ ಪೆಶೀನಾ ಪ್ರದೇಶದವೇ. ದೇಶಭ್ರಷ್ಟನಾದ ಲೇಖಕನ ಬಾಗಿಲಿಗೆ ಒಂದು ರಾತ್ರಿ ಆ ಹಳ್ಳಿಯ ಒಬ್ಬ ಮುದುಕ, ಅವನ ಹೆಂಡತಿ, ಅವರ ಮಗ ಬಂದು ಕುಳಿತು ಕಥೆ ಹೇಳುವಂತೆ ಗ್ರಂಥದ ಹಂದರ. ನೂಲೆಳೆಯ ಪಕ್ಕಕ್ಕೆ ನೂಲೆಳೆಯನ್ನು ಜೋಡಿಸುವ ಹಳೆಯ ನೇಯ್ಗೆಯ ಕೆಲಸಕ್ಕೆ ಅವರು ಅದರ ಮುನ್ನುಡಿಯಲ್ಲಿ ಕಥನಕಲೆಯನ್ನು ಹೋಲಿಸಿದ್ದಾರೆ. ತಾಯಿಯ ಮಗ್ಗವನ್ನು ಬಲ್ಲವರಿಗೆ ಆ ಹೋಲಿಕೆ ಎಲ್ಲಿಂದ ಬಂದಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಥೆಯಲ್ಲಿ ಹಣವಂತ ಗುತ್ತಿಗೆದಾರನೊಬ್ಬ ಹಳ್ಳಿಯ ಹಳ್ಳದ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಳ್ಳುತ್ತಾನೆ. ಬರಿಯ ಕಾಗದಕ್ಕೆ ರೈತರಿಂದ ರುಜು ಹಾಕಿಸಿಕೊಳ್ಳುತ್ತಾರೆ. ನೀರಿನ ಮುಕ್ಕಾಲು ಪಾಲು ಅವನಿಗೆ, ಉಳಿದುದರಲ್ಲಿ ಮುಕ್ಕಾಲು ಪಾಲು ರೈತರಿಗೆ ಎಂದು ಪಂಡಿತನೊಬ್ಬ ನ್ಯಾಯ ತೀರಿಸುತ್ತಾನೆ! ಅದೂ ಎಷ್ಟು ಕಾಲಕ್ಕೆ? ಐವತ್ತು ವರ್ಷವೆಂದರೆ ಜನ ಕೂಗಾಡುತ್ತಾರೆ. ಹತ್ತು 'ಲುಸ್ತ್ರ' ಎಂದಾಗ ಸುಮ್ಮನಾಗುತ್ತಾರೆ. ಲುಸ್ತ್ರವೆಂದರೆ ಐದು ವರ್ಷ ಎಂಬುದು ಅವರಿಗೆ ತಿಳಿಯದು. ನಗುತ್ತ ಓದುವವನ ನಗು ಗಂಟಲಲ್ಲಿಯೇ ನಿಲ್ಲುವಂಥ ಪುಟಗಳಿವು. ಓದುಬಾರದವರ ಮೇಲೆ ಓದಿದವರು ಮಾತನ್ನು ಆಯುಧವಾಗಿ ಬಳಸುವುದನ್ನು ಇಷ್ಟು ಸರಳವಾಗಿ ತೋರಿಸಿದವರು ವಿರಳ. ಕಡೆಯಲ್ಲಿ ಬೆರಾರ್ದೊ ಎಂಬ ತರುಣ ಇನ್ನೊಬ್ಬನ ಕಾರ್ಯವನ್ನು ತನ್ನದೆಂದು ಒಪ್ಪಿಕೊಂಡು ಸೆರೆಮನೆಯಲ್ಲಿ ಚಿತ್ರಹಿಂಸೆಗೊಳಗಾಗಿ ಸಾಯುತ್ತಾನೆ. ರೋಮೊಲೊ ಆಗಿನ್ನೂ ಸೆರೆಯಲ್ಲಿ ಜೀವದಿಂದಿದ್ದನು.

ಈ ಗ್ರಂಥ 1933ರಲ್ಲಿ ಜ್ಯೂರಿಕ್ ನಗರದಲ್ಲಿ ಮೊದಲು ಜರ್ಮನ್ ಅನುವಾದದಲ್ಲಿ ಪ್ರಕಟವಾಗಿ, ಬೇಗನೆ ಅನೇಕ ಭಾಷೆಗಳಿಗೆ ಹೋಯಿತು. ಬರೆದವರು ಸಾಯಲಿಲ್ಲ, ಬರೆಯುತ್ತ ಚೇತರಿಸಿಕೊಂಡರು. ತಮ್ಮ ವಿಷಯವನ್ನು ಸಮೀಪಿಸುವ ಧೈರ್ಯ ಎರಡನೆಯ ಕಾದಂಬರಿಯಲ್ಲಿ, 1936ರ 'ರೊಟ್ಟಿ ಮತ್ತು ದ್ರಾಕ್ಷಾರಸ'ದಲ್ಲಿ, ಕಾಣಿಸುತ್ತದೆ. ಅಲ್ಲಿ ಪಿಯೆತ್ರೊ ಸ್ಪೀನಾ ಎಂಬ ರೋಗಗ್ರಸ್ತ ಕ್ರಾಂತಿಕಾರಿ ಪಾದ್ರಿಯ ವೇಷ ತೊಟ್ಟು ತನ್ನ ಬೆಟ್ಟನಾಡಿನಲ್ಲಿ ಅಡಗಿರುತ್ತಾನೆ. ಹಳ್ಳಿಗರು ಅವನನ್ನು ನಿಜವಾದ ಗುರುವೆಂದೇ ನಂಬಿ ಹೃದಯ ತೆರೆಯುತ್ತಾರೆ. ಪಕ್ಷದ ಆಜ್ಞೆಗೂ ಮನುಷ್ಯನ ಅಂತಃಸಾಕ್ಷಿಗೂ ನಡೆಯುವ ಜಗಳ ಅವನ ಬಾಯಿಂದ ಹೊರಬೀಳುತ್ತದೆ. ನೇರವಾಗಿ ತಮ್ಮ ಹೆಸರಿನಲ್ಲಿ, ಉತ್ತಮ ಪುರುಷದಲ್ಲಿ ಅವರು ಆ ಕಥೆಯನ್ನು ಜಗತ್ತಿಗೆ ಹೇಳಿದ್ದು 1949ರಲ್ಲಿ, 'ದಿ ಗಾಡ್ ದಟ್ ಫೈಲ್ಡ್' ಎಂಬ ಆರು ಲೇಖಕರ ಸಂಕಲನದಲ್ಲಿ. ಹೊರಬಂದು ಹದಿನೆಂಟು ವರ್ಷಗಳಾಗಿದ್ದವು. ಮೊದಲು ಊರು, ಆಮೇಲೆ ವೇಷ ಧರಿಸಿದ ತಾನು, ಕಡೆಗೆ ವೇಷವಿಲ್ಲದ ತಾನು: ಗಾಯ ಒಳಗಿನಿಂದ ಮಾಯುತ್ತ ಬಂದ ಕ್ರಮ ಇದು. ಆ ಪ್ರಬಂಧವನ್ನೂ ಸೇರಿಸಿಕೊಂಡ 'ತುರ್ತು ನಿರ್ಗಮನದ ಬಾಗಿಲು' ಎಂಬ ಅರ್ಥದ ಹೆಸರುಳ್ಳ ಗ್ರಂಥ 1965ರಲ್ಲಿ ಹೊರಬಂದಿತು.

1944ರಲ್ಲಿ ಸ್ವದೇಶಕ್ಕೆ ಮರಳಿ, ಅದೇ ವರ್ಷ ದರೀನಾ ಲಾರಸಿ ಎಂಬ ಐರಿಷ್ ಪತ್ರಕರ್ತೆಯನ್ನು ವಿವಾಹವಾದರು. 1946ರ ಸಂವಿಧಾನ ಸಭೆಗೂ ಚುನಾಯಿತರಾದರು. ಆದರೆ ರಾಜಕೀಯ ಅವರನ್ನು ಹೆಚ್ಚು ಕಾಲ ಹಿಡಿದಿಡಲಿಲ್ಲ. ಅವರು ಮಾಡಿದ ವಿಚಿತ್ರ ಕಾರ್ಯವೆಂದರೆ, ಪ್ರಖ್ಯಾತವಾಗಿದ್ದ ತಮ್ಮ ಕಾದಂಬರಿಗಳನ್ನೇ ಮತ್ತೆ ತಿದ್ದಿ ಬರೆದದ್ದು. ಎರಡನೆಯ ಕಾದಂಬರಿ 1955ರಲ್ಲಿ ಹೆಸರಿನ ಪದಗಳನ್ನು ಸಹ ಹಿಂದುಮುಂದು ಮಾಡಿಕೊಂಡು 'ದ್ರಾಕ್ಷಾರಸ ಮತ್ತು ರೊಟ್ಟಿ' ಎಂದಾಯಿತು. ದೇಶಭ್ರಷ್ಟನ ಕೋಪದಲ್ಲಿ ಬರೆದಿದ್ದ ಕಟುವಾದ ಮಾತುಗಳನ್ನು ಅವರು ಕಳೆದರು. ಪ್ರಚಾರದ ದನಿಯಿದ್ದೆಡೆ ಕತ್ತರಿಸಿದರು. ಹೊಸ ಪಾಠಕ್ಕಿಂತ ಹಳೆಯದೇ ಚೆನ್ನೆಂಬ ವಿಮರ್ಶಕರೂ ಇದ್ದಾರೆ. ಇರಲಿ, ಗ್ರಂಥಸಂಪಾದಕನ ದೃಷ್ಟಿ ಬೇರೆ, ತನ್ನ ಬಾಳನ್ನೇ ತಿದ್ದಿಕೊಳ್ಳುತ್ತಿರುವವನ ದೃಷ್ಟಿ ಬೇರೆ.

ಅವರ ಮರಣಾನಂತರ ಬೆಳಕಿಗೆ ಬಂದ ಒಂದು ವಿಷಯವನ್ನು ಮುಚ್ಚಿಟ್ಟು ಈ ಚರಿತ್ರೆಯನ್ನು ಬರೆಯುವುದು ಸಲ್ಲದು. 1990ರ ದಶಕದಿಂದೀಚೆಗೆ ಬಿಯೊಕ್ಕಾ ಮತ್ತು ಕನಾಲಿ ಎಂಬ ಇಬ್ಬರು ಇತಿಹಾಸಕಾರರು ಸರಕಾರಿ ದಫ್ತರಗಳಿಂದ ಕಾಗದಗಳನ್ನು ತೆಗೆದು, ಸಿಲೋನೆ ಬಹುಕಾಲ ಬೆಲ್ಲೋನೆ ಎಂಬ ಪೊಲೀಸ್ ಅಧಿಕಾರಿಗೆ ಗುಟ್ಟಾಗಿ ಸುದ್ದಿ ಕೊಡುತ್ತಿದ್ದರೆಂದು ವಾದಿಸಿದರು. ತಂಬುರಾನೊ ಮೊದಲಾದವರು ಅದನ್ನು ಬಲವಾಗಿ ಅಲ್ಲಗಳೆದರು. ತಮ್ಮನನ್ನು ಉಳಿಸಿಕೊಳ್ಳುವ ಯತ್ನ ಅದೆಂದು ಅರ್ಥೈಸಿದವರೂ ಉಂಟು. ಆ ಕಾಗದಗಳಲ್ಲಿ 1930ರ ಏಪ್ರಿಲ್ 13ರ ತಾರೀಖಿನದೊಂದು ಇದೆ. ಅದನ್ನು ಬರೆದ ವ್ಯಕ್ತಿ ತನ್ನ ಅಂತರಂಗದ ತೀವ್ರ ಸಂಕಟವನ್ನು ತೋಡಿಕೊಂಡು, ಆ ಸಂಬಂಧವನ್ನೂ ರಾಜಕೀಯವನ್ನೂ ತೊರೆದು ಹೊಸ ಬಾಳನ್ನು ಬಾಳಲು ಬಯಸುತ್ತಾನೆ. 'ಫೊಂತಮಾರಾ' ಬರೆದ ವರ್ಷವೂ ಅದೇ. ಆರೋಪ ನಿಜವಾದರೆ ಸಿಲೋನೆ ಹೊರಬಂದದ್ದು ಒಂದು ಸೆರೆಯಿಂದಲ್ಲ, ಎರಡರಿಂದ. ಅವರ ಕಥೆಗಳಲ್ಲಿ ಪೊಲೀಸರಿಗೆ ಸುದ್ದಿ ಕೊಟ್ಟು ಪಶ್ಚಾತ್ತಾಪದಿಂದ ಬೇಯುವ ತರುಣನ ಪಾತ್ರಕ್ಕೆ ಅಷ್ಟೊಂದು ಕರುಣೆ ದೊರೆತದ್ದೇಕೆ ಎಂಬುದೂ ಆಗ ತಿಳಿಯುತ್ತದೆ. ವಿದ್ವಾಂಸರ ವಾದ ಮುಗಿದಿಲ್ಲ. ಸೆರೆಸಿಕ್ಕವನನ್ನು ಕಂಡು ನಗಬಾರದೆಂದ ತಂದೆಯ ಮಾತನ್ನು ಓದುಗರು ಇಲ್ಲಿ ನೆನೆದರೆ ತಪ್ಪಾಗಲಾರದು.

ಕೊನೆಗಾಲದಲ್ಲಿ ಅವರ ಮನಸ್ಸು ಮತ್ತೆ ಮತ್ತೆ ತೊರೆದುಬಂದವರ ಕಡೆಗೇ ಹರಿಯಿತು. 1968ರಲ್ಲಿ ಪ್ರಕಟವಾಗಿ ಕಂಪಿಯೆಲ್ಲೊ ಪ್ರಶಸ್ತಿ ಪಡೆದ ನಾಟಕದ ನಾಯಕ ಐದನೆಯ ಸೆಲೆಸ್ತೀನೊ. ಅಬ್ರುತ್ಸೊ ಬೆಟ್ಟದ ಗುಹೆಯಲ್ಲಿ ತಪಸ್ಸು ಮಾಡುತ್ತಿದ್ದ ಈ ವೃದ್ಧ ಸಂನ್ಯಾಸಿಯನ್ನು 1294ರಲ್ಲಿ ಪೋಪ್ ಪದವಿಗೆ ಆರಿಸಿದರು. ಅಧಿಕಾರದ ರೀತಿಗೂ ತನ್ನ ವ್ರತಕ್ಕೂ ಹೊಂದದೆಂದು ಕಂಡು, ಕೆಲವೇ ತಿಂಗಳುಗಳಲ್ಲಿ ಅವನು ಆ ಪೀಠವನ್ನು ಬಿಟ್ಟಿಳಿದ. ಪೀಠ ಬಿಟ್ಟವನನ್ನು ಹಾಗೆಯೇ ಬಿಡಲು ಉತ್ತರಾಧಿಕಾರಿಗೆ ಧೈರ್ಯವಾಗಲಿಲ್ಲ, ಕೋಟೆಯೊಂದರಲ್ಲಿ ಕಾವಲಿನಲ್ಲಿಟ್ಟ. 1296ರಲ್ಲಿ ಅಲ್ಲಿಯೇ ಅವನು ತೀರಿಕೊಂಡ. ಸಿಲೋನೆಯವರ ಕೊನೆಯ ಕಾದಂಬರಿ 'ಸೆವೆರೀನಾ' ಸುಳ್ಳುಸಾಕ್ಷಿ ಹೇಳಲೊಪ್ಪದೆ ತನ್ನ ಕನ್ಯಾಮಠವನ್ನು ತೊರೆಯುವ ಒಬ್ಬ ಸಂನ್ಯಾಸಿನಿಯ ಕಥೆ. ಅದು ಮುಗಿಯುವ ಮುನ್ನವೇ, 1978ರ ಆಗಸ್ಟ್ 22ರಂದು, ಅವರು ಜಿನೀವಾದಲ್ಲಿ ನಿಧನರಾದರು. ಉಳಿದ ಹಸ್ತಪ್ರತಿಯನ್ನು ದರೀನಾ ಒಪ್ಪಮಾಡಿ 1981ರಲ್ಲಿ ಹೊರತಂದರು.

ಅವರ ಸಮಾಧಿ ಪೆಶೀನಾದಲ್ಲಿ, ಭೂಕಂಪಕ್ಕೆ ಉಳಿದ ಹಳೆಯ ಸಂತ ಬೆರಾರ್ದೊ ದೇಗುಲದ ಗಂಟೆಗೋಪುರದ ಬುಡದಲ್ಲಿದೆ. ಗೋಡೆಗೆ ಒರಗಿಸಿದ ಒಂದು ಕಬ್ಬಿಣದ ಶಿಲುಬೆ, ಕಣ್ಣೆದುರಿಗೆ ದೂರದವರೆಗೆ ಹರಡಿದ ಫೂಚಿನೊ ಬಯಲು. ಅವರು ಬಯಸಿದ್ದು ಇಷ್ಟೇ. ಆ ಬಯಲನ್ನು 1951ರಲ್ಲಿ ಭೂಸುಧಾರಣೆಯ ಕಾನೂನಿನಂತೆ ತೊರ್ಲೋನಿಯಾ ಮನೆತನದಿಂದ ತೆಗೆದುಕೊಂಡು ರೈತರಿಗೆ ಹಂಚಿದ್ದರು.